ಡೀಸೆಲ್ ಎಂಜಿನ್ನಿನ ತಲೆ ಬಿಗಿಯುವ ವಿದ್ಯೆ

ಬೆಳಗಿನ ಜಾವ ನಾಲ್ಕು ಗಂಟೆಗೆ ಹೋಟೆಲಿನ ಒಲೆ ಹೊತ್ತಿಸುವವರಿಗೆ ಡೀಸೆಲ್ ಲಾರಿಯ ಗುಡುಗು ಹೊಸದಲ್ಲ. ತರಕಾರಿಯ ಮೂಟೆ, ಅಕ್ಕಿಯ ಚೀಲ ಎಲ್ಲವೂ ಆ ಸದ್ದಿನ ಬೆನ್ನೇರಿಯೇ ಬರುತ್ತವೆ. ಒಂದು ದಿನ ಲಾರಿ ಬಾರದೆ ಹೋದರೆ, “ಹೆಡ್ ಗ್ಯಾಸ್ಕೆಟ್ ಹೋಯಿತಂತೆ” ಎಂಬ ಮಾತು ಗಲ್ಲಾದವರೆಗೂ ಬಂದು ಮುಟ್ಟುತ್ತದೆ. ಈ ಹೆಡ್ಡು ಎಂದರೇನು, ಗ್ಯಾಸ್ಕೆಟ್ಟು ಎಲ್ಲಿಗೆ ಹೋಗುತ್ತದೆ, ಹೋಗದಂತೆ ತಡೆಯುವ ಬಗೆ ಯಾವುದು ಎಂದು ವಿಚಾರಿಸಿದವರು ಮಾತ್ರ ನಮ್ಮಲ್ಲಿ ಕಡಮೆ.

ಇಡ್ಲಿ ಬೇಯಿಸುವ ಅಳಗೆಯನ್ನು ನೆನೆದುಕೊಳ್ಳಿ. ಒಳಗೆ ಹಬೆ ಏರಿದೊಡನೆ ಮುಚ್ಚಳ ಎದ್ದೆದ್ದು ಬೀಳುತ್ತದೆ; ಅಂಚಿನಿಂದ ಹಬೆ ಸೋರುತ್ತದೆ. ಅನುಭವಸ್ಥರಾದ ಭಟ್ಟರು ಮುಚ್ಚಳದ ಮೇಲೊಂದು ಭಾರವನ್ನು ಹೇರಿ ಅದನ್ನು ಅಡಗಿಸುತ್ತಾರೆ. ಎಂಜಿನ್ನಿನಲ್ಲಿಯೂ ಇದೇ ಸಮಸ್ಯೆ. ಪ್ರಮಾಣ ಮಾತ್ರ ಬೇರೆ. ಸಿಲಿಂಡರುಗಳನ್ನು ಕೊರೆದ ಎರಕದ ಕಬ್ಬಿಣದ ದಪ್ಪ ಭಾಗಕ್ಕೆ ಬ್ಲಾಕು ಎಂದು ಹೆಸರು. ಅದರ ಬಾಯಿಯನ್ನು ಮುಚ್ಚುವ ಮುಚ್ಚಳವೇ ಹೆಡ್ಡು. ಎರಡರ ನಡುವೆ ಹಾಸಿದ ತೆಳು ಹಾಳೆಯೇ ಗ್ಯಾಸ್ಕೆಟ್ಟು. ಸಿಲಿಂಡರಿನ ಉರಿ, ತಂಪು ಮಾಡುವ ನೀರು, ಜಾರಿಸುವ ಎಣ್ಣೆ, ಈ ಮೂರೂ ಒಂದರೊಡನೊಂದು ಬೆರೆಯದಂತೆ ಕಾಯುವುದು ಆ ಹಾಳೆಯ ಕೆಲಸ.

ರುಡಾಲ್ಫ್ ಡೀಸೆಲ್ ಎಂಬಾತನು 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ನಡೆಸಿ ತೋರಿಸಿದ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಅದು ಕೆಂಡದಂತೆ ಕಾಯುವವರೆಗೂ ಹಿಂಡಿ, ಆ ಬಿಸಿಗೆ ಎಣ್ಣೆಯನ್ನು ಚಿಮ್ಮಿಸಿದರೆ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದುದರಿಂದ ಡೀಸೆಲ್ಲಿನ ಮುಚ್ಚಳಕ್ಕೆ ಬೀಳುವ ಒತ್ತಡ ಪೆಟ್ರೋಲ್ ಎಂಜಿನ್ನಿನದಕ್ಕಿಂತ ಬಹಳ ಹೆಚ್ಚು. ಲೆಕ್ಕ ಬಲ್ಲ ಗುಮಾಸ್ತ ಮಿತ್ರರು ಹೀಗೆ ಗುಣಿಸಿ ನೋಡಬಹುದು. ಸಿಲಿಂಡರಿನ ವ್ಯಾಸ 95 ಮಿಲಿಮೀಟರು ಇದ್ದರೆ ಅದರ ಬಾಯಿಯ ವಿಸ್ತೀರ್ಣ ಸುಮಾರು 71 ಚದರ ಸೆಂಟಿಮೀಟರು. ಚದರ ಸೆಂಟಿಮೀಟರೊಂದಕ್ಕೆ 150 ಕಿಲೋಗ್ರಾಂ ಒತ್ತಡವೆಂದು ಹಿಡಿದರೂ ಮುಚ್ಚಳವನ್ನು ಮೇಲಕ್ಕೆ ನೂಕುವ ಬಲ ಹತ್ತೂವರೆ ಟನ್ನನ್ನು ಮೀರುತ್ತದೆ. ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿಯೂ ಈ ಪೆಟ್ಟು ನಿಮಿಷಕ್ಕೆ 1,000 ಸಲ ಬೀಳುತ್ತದೆ!

ಈ 95 ಮಿಲಿಮೀಟರಿನ ಲೆಕ್ಕವನ್ನು ನಾನು ಸುಮ್ಮನೆ ಆರಿಸಿಕೊಂಡದ್ದಲ್ಲ. ಮುಚ್ಚಳ ಬಿಗಿಯುವ ವಿದ್ಯೆಯನ್ನು ಅಮೆರಿಕದ ಗ್ಯಾರೇಜುಗಳಲ್ಲಿ ಮನೆಮಾತಾಗಿಸಿದ ಎಂಜಿನ್ನೊಂದರ ಅಳತೆ ಅದು. ಫೋರ್ಡ್ ಕಂಪನಿಯ ಭಾರೀ ಪಿಕಪ್ ಟ್ರಕ್ಕುಗಳಿಗಾಗಿ ನಾವಿಸ್ಟಾರ್ ಕಂಪನಿ ತಯಾರಿಸಿಕೊಟ್ಟ ಆರು ಲೀಟರಿನ, ಎಂಟು ಸಿಲಿಂಡರಿನ ‘ಪವರ್ ಸ್ಟ್ರೋಕ್’ ಎಂಜಿನ್ನು 2003ರಿಂದ 2007ರವರೆಗಿನ ಮಾದರಿಗಳಲ್ಲಿ ಬಂತು. ಶಕ್ತಿಯಲ್ಲಿ ಅದಕ್ಕೆ ಕೊರತೆಯಿರಲಿಲ್ಲ. ಆದರೆ ಹಲವು ಬಂಡಿಗಳಲ್ಲಿ ಮುಚ್ಚಳ ಕೂದಲೆಳೆಯಷ್ಟು ಎದ್ದು, ಗ್ಯಾಸ್ಕೆಟ್ಟು ಸೋರಿ, ನೀರಿನ ತೊಟ್ಟಿ ಉಕ್ಕಿ ಹರಿಯತೊಡಗಿತು. ರಿಪೇರಿಯ ಖರ್ಚು ಯಾರ ತಲೆಗೆ ಎಂಬ ವ್ಯಾಜ್ಯ ಎರಡು ಕಂಪನಿಗಳ ನಡುವೆ 2007ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿ, 2009ರಲ್ಲಿ ರಾಜಿಯಾಯಿತು. ಸಾಲ ಮಾಡಿ ಟ್ರಕ್ಕು ಕೊಂಡವನ ವ್ಯಾಜ್ಯ ಮಾತ್ರ ಅವನ ಅಂಗಳದಲ್ಲಿಯೇ ನಿಂತಿತ್ತು.

ಆ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿನ ಸುತ್ತ ನಾಲ್ಕೇ ದೊಡ್ಡ ಬೋಲ್ಟುಗಳು. ನೆರೆಯ ಸಿಲಿಂಡರುಗಳು ನಡುವಿನವನ್ನು ಹಂಚಿಕೊಳ್ಳುವುದರಿಂದ ಒಂದು ಹೆಡ್ಡಿಗೆ ಹತ್ತು. ಕಾರ್ಖಾನೆಯಿಂದ ಬಂದವು ತಮ್ಮ ಸ್ಥಿತಿಸ್ಥಾಪಕತ್ವದ ಎಲ್ಲೆಯನ್ನು ತುಸು ದಾಟುವವರೆಗೆ ಹಿಗ್ಗಿಸಿ ಬಿಗಿಯುವ ಜಾತಿಯವು. ಒಮ್ಮೆ ಬಿಚ್ಚಿದರೆ ಮತ್ತೆ ಉಪಯೋಗಿಸುವಂತಿಲ್ಲ. ಹೀಗಿರಲು, ಮುಚ್ಚಳ ತೆಗೆದದ್ದೇ ಆಯಿತು, ಇನ್ನೂ ಗಟ್ಟಿಯಾದುದನ್ನೇ ಹಾಕೋಣವೆಂದು ಮೆಕ್ಯಾನಿಕ್‌ಗಳು ಬೇರೆ ತಯಾರಕರ ‘ಸ್ಟಡ್ಡು’ಗಳತ್ತ ತಿರುಗಿದರು. 1968ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ, ಪಂದ್ಯದ ಕಾರುಗಳಿಗೆ ನಟ್ಟು ಬೋಲ್ಟು ಮಾಡಿ ಹೆಸರಾದ ಏಆರ್‌ಪಿ ಎಂಬ ಸಂಸ್ಥೆಯ ಸ್ಟಡ್ಡುಗಳು ಇವುಗಳಲ್ಲಿ ಪ್ರಸಿದ್ಧ.

ಬೋಲ್ಟಿಗೂ ಸ್ಟಡ್ಡಿಗೂ ಏನು ಭೇದ? ಬೋಲ್ಟಿಗೆ ತಲೆಯುಂಟು, ತಲೆಯನ್ನು ಹಿಡಿದು ತಿರುಗಿಸಿದಾಗ ಇಡೀ ಬೋಲ್ಟು ಬ್ಲಾಕಿನ ಥ್ರೆಡ್ಡಿನಲ್ಲಿ, ಎಂದರೆ ತಿರುಪಿನ ಸುತ್ತುಗಳಲ್ಲಿ, ಉಜ್ಜುತ್ತ ಇಳಿಯುತ್ತದೆ. ಒಂದೇ ಕಾಲಕ್ಕೆ ಅದು ಹಿಗ್ಗಬೇಕು, ತಿರುಚಿಕೊಳ್ಳಲೂ ಬೇಕು. ಸ್ಟಡ್ಡಿಗೆ ತಲೆಯಿಲ್ಲ, ಎರಡು ತುದಿಗೂ ಥ್ರೆಡ್ಡು. ಕೆಳತುದಿ ಬ್ಲಾಕಿನಲ್ಲಿ ನೆಟ್ಟಗೆ ನಿಲ್ಲುತ್ತದೆ, ಮೇಲ್ತುದಿಯ ನಯವಾದ ಥ್ರೆಡ್ಡಿನ ಮೇಲೆ ನಟ್ಟು ಇಳಿಯುತ್ತದೆ. ಸ್ಟಡ್ಡು ಹೆಚ್ಚಾಗಿ ನೇರವಾಗಿಯೇ ಹಿಗ್ಗುತ್ತದೆ. ಉಕ್ಕು ಹಿಗ್ಗುವುದೆ ಎಂದು ಯಾರಾದರೂ ನಕ್ಕಾರು. ಹಿಗ್ಗುತ್ತದೆ, ಒಂದು ಮಿಲಿಮೀಟರಿನೊಳಗೆ. ಹಾಗೆ ಹಿಗ್ಗಿದ ಸ್ಟಡ್ಡು ಗಟ್ಟಿ ಸ್ಪ್ರಿಂಗಿನಂತೆ ಮತ್ತೆ ಕುಗ್ಗಲು ಹವಣಿಸುತ್ತ, ಹತ್ತು ಟನ್ನಿಗೂ ಮಿಕ್ಕ ಬಲದಿಂದ ಮುಚ್ಚಳವನ್ನು ಅಮುಕಿ ಹಿಡಿಯುತ್ತದೆ. ನಮಗೆ ಬೇಕಾದದ್ದು ಈ ಹಿಗ್ಗು. ನಟ್ಟು ತಿರುಗಿಸುವುದೆಲ್ಲ ಅದಕ್ಕಾಗಿ.

ಇಲ್ಲಿಯೇ ತೊಡಕು. ನಟ್ಟು ಎಷ್ಟು ಗಟ್ಟಿಯಾಗಿ ತಿರುಗಿತು ಎಂಬುದನ್ನು ಟಾರ್ಕ್ ರೆಂಚು ಅಳೆಯುತ್ತದೆಯೇ ಹೊರತು, ಸ್ಟಡ್ಡು ಎಷ್ಟು ಹಿಗ್ಗಿತು ಎಂಬುದನ್ನಲ್ಲ. ನೂರು ರೂಪಾಯಿ ಸಂಬಳದಲ್ಲಿ ಐವತ್ತು ಖೋಲಿಯ ಬಾಡಿಗೆಗೆ, ನಲವತ್ತು ಊಟಕ್ಕೆ ಹೋಗಿ, ಊರಿಗೆ ಮನಿಯಾರ್ಡರ್ ಮಾಡಲು ಹತ್ತು ಉಳಿದ ಕಥೆ ನಮ್ಮ ಹಿರಿಯರಿಗೆ ಗೊತ್ತು. ನಟ್ಟಿನ ಲೆಕ್ಕವೂ ಹೆಚ್ಚು ಕಡಮೆ ಹೀಗೆಯೇ. ತೋಳಿನ ಬಲದಲ್ಲಿ ಸುಮಾರು ಅರ್ಧ ಪಾಲು ನಟ್ಟಿನ ಅಡಿಯ ಘರ್ಷಣೆ ನುಂಗುತ್ತದೆ. ನಲವತ್ತರಷ್ಟು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಸ್ಟಡ್ಡನ್ನು ಹಿಗ್ಗಿಸಲು ಉಳಿಯುವುದು ಹತ್ತರ ಆಸುಪಾಸು. ಥ್ರೆಡ್ಡು ಒಣಗಿದ್ದರೆ, ತುಕ್ಕಿದ್ದರೆ, ರೆಂಚು ಅಂಕಿ ಮುಟ್ಟಿತೆಂದು ಸಾರುತ್ತದೆ; ಸ್ಟಡ್ಡು ಹಿಗ್ಗಿಯೇ ಇರುವುದಿಲ್ಲ. ಅದೇ ಅಂಕಿಯಲ್ಲಿ ಘರ್ಷಣೆ ಮೂರನೆಯ ಒಂದು ಪಾಲು ಕಡಮೆಯಾಯಿತೆನ್ನಿ: ಎಳೆತ ನೂರಕ್ಕೆ ನಲವತ್ತರಷ್ಟು ಏರಿಬಿಡುತ್ತದೆ, ಸ್ಟಡ್ಡೇ ಸೋಲುವ ಸಂಭವವುಂಟು. ಆದಕಾರಣ ಕಿಟ್ಟಿನ ಕಾಗದದಲ್ಲಿ ಅಚ್ಚಾದ ಅಂಕಿ ಆ ಕಿಟ್ಟಿನ ಜತೆಗೆ ಬಂದ ಗ್ರೀಸಿಗೆ ಸಂಬಂಧಿಸಿದ್ದು. ಈ ಆರು ಲೀಟರಿನ ಎಂಜಿನ್ನಿಗೆ ಏಆರ್‌ಪಿ ಹೇಳುವುದು 210 ಅಡಿ-ಪೌಂಡು, ತನ್ನದೇ ಗ್ರೀಸಿನೊಡನೆ. ಗ್ರೀಸು ಮುಗಿಯಿತೆಂದು ಪಕ್ಕದ ಡಬ್ಬಿಯ ಎಂಜಿನ್ ಆಯಿಲ್ ಹಚ್ಚಿ ಅದೇ 210ಕ್ಕೆ ಎಳೆಯುವವನು ಅಂಕಿಯನ್ನು ಪಾಲಿಸಿದನೇ ಹೊರತು ಕೆಲಸವನ್ನು ಮಾಡಲಿಲ್ಲ. ಬರಿಯ ಎಂಜಿನ್ ಆಯಿಲ್ಲಿನಲ್ಲಿ ಘರ್ಷಣೆ ಒಂದು ಹದಕ್ಕೆ ಬರಬೇಕಾದರೆ ಐದರಿಂದ ಏಳು ಸಲ ಬಿಗಿದು ಸಡಿಲಿಸಬೇಕೆಂದು ತಯಾರಕರೇ ಎಚ್ಚರಿಸುತ್ತಾರೆ.

210 ಅಡಿ-ಪೌಂಡೆಂದರೆ ಮೂರಡಿ ಉದ್ದದ ಹಿಡಿಕೆಯ ತುದಿಯಲ್ಲಿ 70 ಪೌಂಡಿನ ಎಳೆತ. ಒಂದು ಸಲವಾದರೆ ದೊಡ್ಡದಲ್ಲ. ಎರಡು ಹೆಡ್ಡಿಗೆ ಇಪ್ಪತ್ತು ನಟ್ಟು, ಅದೂ ಮೂರು ಹಂತದಲ್ಲಿ, ಬಾನೆಟ್ಟಿನ ಕೆಳಗೆ ಬೆನ್ನು ಬಗ್ಗಿಸಿ ಎಳೆಯುವಾಗ ತಿಳಿಯುತ್ತದೆ. ಅದಕ್ಕಾಗಿಯೇ ಅಲ್ಲಿ ಅನೇಕರು ಟ್ರಕ್ಕಿನ ಕ್ಯಾಬನ್ನೇ ಚಾಸಿಯಿಂದ ಮೇಲಕ್ಕೆತ್ತಿ ಎಂಜಿನ್ನನ್ನು ಬಯಲಿಗೆ ತಂದುಕೊಳ್ಳುತ್ತಾರೆ.

ನಟ್ಟಿಗಿಂತ ಮೊದಲಿನ ಕೆಲಸವೇ ಹೆಚ್ಚು. ಬ್ಲಾಕಿನ ಮುಖ, ಹೆಡ್ಡಿನ ಮುಖ ಎರಡೂ ಸಮತಟ್ಟಾಗಿವೆಯೆ ಎಂದು ನೇರಪಟ್ಟಿ ಇಟ್ಟು, ಫೀಲರ್ ಗೇಜು ತೂರಿಸಿ ನೋಡಬೇಕು. ಬಾಗಿದ ಮುಚ್ಚಳವನ್ನು ಯಾವ ಸ್ಟಡ್ಡೂ ನೆಟ್ಟಗೆ ಮಾಡಲಾರದು. ಸ್ಟಡ್ಡು ಕೂರುವ ತೂತುಗಳನ್ನು ಶುಚಿಮಾಡಿ ಗಾಳಿ ಹಾಯಿಸಿ ಒಣಗಿಸಬೇಕು. ತಳ ಮುಚ್ಚಿದ ತೂತಿನಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಇಳಿಯುವ ಸ್ಟಡ್ಡಿಗೆ ಅದು ಜಾಗ ಬಿಟ್ಟುಕೊಡುವುದಿಲ್ಲ; ಕೊನೆಗೆ ಬಿರಿಯುವುದು ಬ್ಲಾಕು. ಈ ಒಂದು ಅಸಡ್ಡೆಯಿಂದ ಇಡೀ ಎಂಜಿನ್ನೇ ಗುಜರಿಗೆ ಹೋಗಬಹುದು. ಸ್ಟಡ್ಡನ್ನು ಬ್ಲಾಕಿನೊಳಗೆ ಕೈಬಿಗಿಯಷ್ಟೇ ಇಳಿಸತಕ್ಕದ್ದು. ಸ್ಪ್ಯಾನರು ಹಾಕಿ ಅಲ್ಲಿ ಅದನ್ನು ಬಿಗಿಯಕೂಡದು. ಬಳಿಕ ಗ್ಯಾಸ್ಕೆಟ್ಟು, ಹೆಡ್ಡು, ವಾಷರು. ಗ್ರೀಸು ಹಚ್ಚುವುದು ಥ್ರೆಡ್ಡಿಗೆ, ನಟ್ಟಿನ ಅಡಿಗೆ ಮತ್ತು ವಾಷರಿನ ಮೇಲ್ಮೈಗೆ. ವಾಷರಿನ ಕೆಳಮುಖ ಒಣಗಿಯೇ ಇರಲಿ. ಇಲ್ಲದಿದ್ದರೆ ನಟ್ಟಿನ ಜತೆಗೆ ವಾಷರೂ ತಿರುಗಿ ಲೆಕ್ಕ ಕೆಡುತ್ತದೆ.

ಬಿಗಿಯುವ ಕ್ರಮ ನಡುವಿನಿಂದ ಅಂಚಿನತ್ತ, ಎಂಜಿನ್ನಿನ ಪುಸ್ತಕದಲ್ಲಿ ನಮೂದಿಸಿದ ಸರದಿಯಂತೆ. ಮೊದಲ ಸುತ್ತು 70, ಎರಡನೆಯದು 140, ಮೂರನೆಯದು 210. ಒಂದೇ ಏಟಿಗೆ ಒಂದು ನಟ್ಟನ್ನು ಪೂರ್ತಿ ಎಳೆದರೆ ಆ ಮೂಲೆ ಅಮುಕಿ ಎದುರಿನ ಮೂಲೆ ಏಳುತ್ತದೆ. ಚಾಪೆಯ ಸುಕ್ಕನ್ನು ನಡುವಿನಿಂದ ಸವರಿ ಹೊರಗೆ ತಳ್ಳುವಂತೆ ಗ್ಯಾಸ್ಕೆಟ್ಟನ್ನೂ ಹಾಸಬೇಕು.

ರೆಂಚಿನ ವಿಷಯದಲ್ಲಿ ಒಂದು ಮಾತು. ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯ ಕಾನ್ರಾಡ್ ಬಾರ್ ಎಂಬಾತನು 1918ರ ಸುಮಾರಿಗೆ ಇದನ್ನು ಕಲ್ಪಿಸಿದನೆನ್ನುತ್ತಾರೆ. ಕೊಳವೆಯ ಬೋಲ್ಟುಗಳನ್ನು ಕೆಲಸಗಾರರು ವಿಪರೀತ ಬಿಗಿದು ಮುರಿಯುತ್ತಿದ್ದುದೇ ಕಾರಣ. ‘ಟಕ್’ ಎನ್ನುವ ರೆಂಚನ್ನು ಒಂದೇ ಹದದಲ್ಲಿ, ನಿಲ್ಲಿಸದೆ ಎಳೆಯಬೇಕು. ನಡುವೆ ನಿಂತ ನಟ್ಟನ್ನು ಮತ್ತೆ ಕದಲಿಸಲು ಹೆಚ್ಚು ಬಲ ಬೇಕಾಗುವುದರಿಂದ ನಟ್ಟು ಅಲುಗುವ ಮೊದಲೇ ರೆಂಚು ಟಕ್ಕೆಂದುಬಿಡುತ್ತದೆ. ಮುಗಿದ ಮೇಲೆ ಸಮಾಧಾನಕ್ಕೆಂದು ಎಲ್ಲ ನಟ್ಟನ್ನೂ ಮತ್ತೊಮ್ಮೆ ಟಕ್ಕೆನ್ನಿಸುವವರುಂಟು. ಅದರಿಂದ ತಿಳಿಯುವುದು ಏನೂ ಇಲ್ಲ.

ಸ್ಟಡ್ಡು ಹಾಕಿದರೆ ಎಲ್ಲ ಸರಿಹೋಯಿತೆಂಬ ಭ್ರಮೆಯೂ ಆ ದೇಶದಲ್ಲಿ ಬಹಳ ದಿನ ಇತ್ತು. ಈ ಎಂಜಿನ್ನಿನ ಎಣ್ಣೆಯನ್ನು ತಣಿಸುವ ಕೂಲರಿನ ಸಣ್ಣ ದಾರಿಗಳಲ್ಲಿ ಕಸ ಕಟ್ಟುತ್ತಿತ್ತು. ಅದರಿಂದ ಮುಂದಿನ ಕೂಲರಿಗೆ, ಎಂದರೆ ಹೊಗೆಯನ್ನು ತಣಿಸುವುದಕ್ಕೆ, ನೀರು ಸಾಲದೆ ಅದು ಬಿರಿಯುತ್ತಿತ್ತು. ಇನ್ನು ಕೆಲವರು ಎಂಜಿನ್ನಿನ ಕಂಪ್ಯೂಟರಿಗೆ ಬೇರೆ ಲೆಕ್ಕ ತುಂಬಿ ಹೆಚ್ಚು ಗಾಳಿ, ಹೆಚ್ಚು ಎಣ್ಣೆ ನುಗ್ಗಿಸಿ ತಾವೇ ಮುಚ್ಚಳವನ್ನು ಎಬ್ಬಿಸಿಕೊಂಡರು. ಕೂಲರನ್ನು ನೋಡದೆ ಬರಿಯ ಸ್ಟಡ್ಡು ಮಾರಿದ ಗ್ಯಾರೇಜಿನವನನ್ನು ನಾನು ಒಳ್ಳೆಯ ಮೆಕ್ಯಾನಿಕ್ ಎಂದು ಒಪ್ಪಲಾರೆ.

ಕೆಲಸ ಮುಗಿದು, ನೀರು ತುಂಬಿ, ಭಾರ ಹೇರಿ ಒಂದು ದಿನ ಟ್ರಕ್ಕನ್ನು ಓಡಿಸಿ ತಂದು ನಿಲ್ಲಿಸುತ್ತಾರೆ. ಮರುದಿನ ಬೆಳಿಗ್ಗೆ ಎಂಜಿನ್ನು ಪೂರ್ತಿ ತಣ್ಣಗಿರುವಾಗ ಮೆಕ್ಯಾನಿಕ್ ಬಂದು, ಚಾಲೂ ಮಾಡುವ ಮುನ್ನ, ನೀರಿನ ದಪ್ಪ ರಬ್ಬರ್ ಕೊಳವೆಯನ್ನು ಅಂಗೈಯಲ್ಲಿ ಹಿಸುಕಿ ನೋಡುತ್ತಾನೆ. ಮೆತ್ತಗಿದ್ದರೆ ಬೀಗದ ಕೈ ಯಜಮಾನನಿಗೆ. ರಾತ್ರಿಯೆಲ್ಲ ತಣಿದ ಮೇಲೂ ಕೊಳವೆ ಗಟ್ಟಿಯಾಗಿ ಉಬ್ಬಿದ್ದರೆ, ಸಿಲಿಂಡರಿನ ಒತ್ತಡ ಇನ್ನೂ ನೀರಿನೊಳಕ್ಕೆ ನುಸುಳುತ್ತಿದೆ ಎಂದೇ ಶಂಕೆ. ಕ್ಯಾಬನ್ನು ಮತ್ತೆ ಮೇಲಕ್ಕೆತ್ತಬೇಕು.