ತವರಿನವರಿಗೇ ಗುರುತು ಸಿಗದ ಪದ

ಇಂಗ್ಲಿಷಿನಲ್ಲಿ ‘ಗಂಗ್ ಹೋ’ ಎಂಬ ಗುಣವಾಚಕವಿದೆ. ಹಿಂದುಮುಂದು ನೋಡದೆ ಹುರುಪಿನಿಂದ ಮುನ್ನುಗ್ಗುವವನನ್ನು, ಅದರಲ್ಲೂ ಯುದ್ಧವೆಂದರೆ ತುದಿಗಾಲಲ್ಲಿ ನಿಲ್ಲುವವನನ್ನು ಹೀಗೆ ಕರೆಯುತ್ತಾರೆ. ಹಲವು ಸಲ ಮಾತಿನಲ್ಲಿ ಕೊಂಕೂ ಇರುತ್ತದೆ. ಪದ ಹುಟ್ಟಿದ್ದು ಚೀನೀ ಭಾಷೆಯಲ್ಲಿ. ಆದರೂ ಇಂಗ್ಲಿಷ್ ಕಲಿಯುವ ಚೀನೀ ವಿದ್ಯಾರ್ಥಿಗೆ ಇಲ್ಲಿ ತಾಯಿನುಡಿ ದಾರಿ ತಪ್ಪಿಸುವ ಸಂಭವವೇ ಹೆಚ್ಚು. ಅವನ ‘ಗೊಂಗ್’ ಎಂದರೆ ಕೆಲಸ, ‘ಹ’ ಎಂದರೆ ಕೂಡುವುದು. ಎರಡನ್ನೂ ಜೋಡಿಸಿದರೆ ಹುರುಪೂ ಹೊರಡುವುದಿಲ್ಲ, ಕೊಂಕೂ ಹೊರಡುವುದಿಲ್ಲ.

1937ರಲ್ಲಿ ಜಪಾನಿನ ದಾಳಿಗೆ ಶಾಂಘೈಯ ಕಾರ್ಖಾನೆಗಳು ನಾಶವಾದವು. ದಿಕ್ಕೆಟ್ಟ ಕೆಲಸಗಾರರನ್ನು ಒಳನಾಡಿನಲ್ಲಿ ಸೇರಿಸಿ ಸಣ್ಣ ಸಹಕಾರಿ ಕೈಗಾರಿಕೆಗಳನ್ನು ಕಟ್ಟುವ ಚಳವಳಿ 1938ರಲ್ಲಿ ಶುರುವಾಯಿತು. ನ್ಯೂಜಿಲೆಂಡಿನ ರೆವಿ ಆಲಿ ಅದರ ಮುಂದಾಳುಗಳಲ್ಲಿ ಒಬ್ಬರು. ಸೈನಿಕರಿಗೆ ಕಂಬಳಿ ನೇಯ್ದುಕೊಟ್ಟದ್ದೂ ಇಂಥ ಸಂಘಗಳೇ. ನಾವು ಹಾಲು ಮಹಾಮಂಡಳವನ್ನು ಕೆಎಂಎಫ್ ಎನ್ನುವಂತೆ ಚೀನೀಯರು ಈ ಸಂಘಗಳ ಉದ್ದ ಹೆಸರನ್ನು ಮೊಟಕು ಮಾಡಿ ‘ಗೊಂಗ್‌ಹ’ ಎಂದರು. ಅಮೆರಿಕದ ಮರೀನ್ ಅಧಿಕಾರಿ ಇವಾನ್ಸ್ ಕಾರ್ಲ್‌ಸನ್ ಅದನ್ನು ‘ಕೂಡಿ ದುಡಿಯೋಣ’ ಎಂಬ ಘೋಷಣೆಯಾಗಿ ತೆಗೆದುಕೊಂಡರು. 1942ರಲ್ಲಿ ತಮ್ಮ ರೈಡರ್ ದಳಕ್ಕೆ ಅದನ್ನೇ ಮಂತ್ರವಾಗಿ ಕೊಟ್ಟರು. ಅಧಿಕಾರಿಗಳೂ ಸಿಪಾಯಿಗಳೂ ಮನಬಿಚ್ಚಿ ಚರ್ಚಿಸುವ ಸಭೆಗಳಿಗೂ ಆ ಹೆಸರೇ. ಆ ವರ್ಷದ ಆಗಸ್ಟಿನಲ್ಲಿ ದಳ ಮಾಕಿನ್ ದ್ವೀಪದ ಮೇಲೆ ದಾಳಿ ಮಾಡಿತು, 1943ರಲ್ಲಿ ಆ ದಾಳಿಯ ಕುರಿತು ‘ಗಂಗ್ ಹೋ’ ಹೆಸರಿನಲ್ಲೇ ಹಾಲಿವುಡ್ ಚಿತ್ರ ಬಂತು. ಕಂಬಳಿ ನೇಯುವವರ ಸಹಕಾರ ಕಳಚಿಬಿದ್ದು, ದಾಳಿಕೋರರ ಆವೇಶ ಪದಕ್ಕೆ ಅಂಟಿಕೊಂಡಿತು.

ಬೇರು ತಿಳಿದರೆ ಪದ ಮನಸ್ಸಿನಲ್ಲಿ ನಿಲ್ಲುತ್ತದಲ್ಲವೇ ಎಂದು ಕೇಳಬಹುದು. ನಿಲ್ಲುತ್ತದೆ, ನಿಜ. ಆದರೆ ನೆನಪಿಗೆ ಆಸರೆಯಾದದ್ದೆಲ್ಲ ಅರ್ಥಕ್ಕೆ ಸಾಕ್ಷಿಯಾಗಬೇಕಿಲ್ಲ. ಹತ್ತು ಜನರೊಂದಿಗೆ ಹೊಂದಿಕೊಂಡು ಹೋಗುವ ಸಮಾಧಾನಿಯನ್ನು ಹೊಗಳಲು ಆ ಚೀನೀ ವಿದ್ಯಾರ್ಥಿ ‘ಗಂಗ್ ಹೋ’ ಎಂದರೆ, ಕೇಳಿದವರು ಆತನನ್ನು ಆತುರಗಾರನೆಂದೇ ತಿಳಿಯುತ್ತಾರೆ. ನಮ್ಮಲ್ಲೂ ಹೀಗಾಗಿದೆ: ಸಂಸ್ಕೃತದ ‘ಅವಸರ’ ಹಿಂದಿಯಲ್ಲಿ ಅವಕಾಶವಾಗಿಯೇ ಉಳಿದು ಕನ್ನಡದಲ್ಲಿ ಆತುರವಾಗಿದೆ. ಹಿಂದಿ ಕಲಿಯುವ ಕನ್ನಡಿಗ ಎಡವುವುದೂ ಇಂಥ ಕಡೆಗಳಲ್ಲೇ. ಹಾಗೆಂದು ಅಮೆರಿಕನ್ನರು ಪದವನ್ನು ಕೆಡಿಸಿದರೆಂದು ದೂರುವುದೂ ತರವಲ್ಲ. ನಾವು ಅವಸರವನ್ನು ಕೆಡಿಸಿದ್ದೇವೆಂದು ಒಪ್ಪುತ್ತೇವೆಯೇ? ಇತ್ತ ತವರಿನಲ್ಲಿ ಪದ ಹಳೆಯ ಅರ್ಥವನ್ನು ಬಿಟ್ಟಿಲ್ಲ. ಆ ಚಳವಳಿಯ ಅಂತರರಾಷ್ಟ್ರೀಯ ಸಮಿತಿ 1987ರಲ್ಲಿ ಮತ್ತೆ ಕೆಲಸ ಆರಂಭಿಸಿತು. ಅದರ ಹೆಸರಿನಲ್ಲಿರುವ ‘ಗೊಂಗ್‌ಹ’ಕ್ಕೆ ಇಂದಿಗೂ ಸಹಕಾರಿ ಕೈಗಾರಿಕೆ ಎಂದೇ ಅರ್ಥ.