ಹಳೇ ಪಿಕಪ್ ಕೊಳ್ಳುವ ಮುನ್ನ



ಬಟವಾಡೆಯಲ್ಲಿ ಉಳಿಸಿದ ಹಣಕ್ಕೆ ಒಂದಿಷ್ಟು ಸಾಲ ಸೇರಿಸಿ ಹಳೇ ಪಿಕಪ್ ಕೊಳ್ಳುವ ಯೋಚನೆ ಈಗ ಅನೇಕರಲ್ಲಿದೆ. ಹಸಿಮೇವು, ಒಣಹುಲ್ಲು, ಪಶು ಆಹಾರದ ಮೂಟೆ, ಹಾಲಿನ ಕ್ಯಾನು, ಎಲ್ಲಕ್ಕೂ ಬಾಡಿಗೆ ಕೊಟ್ಟು ಸಾಕಾಗಿದೆ ಎನ್ನುತ್ತೀರಿ. ಲಸಿಕೆ ಹಾಕಲು ಊರಿಗೆ ಬಂದಾಗ ಹಸುವಿನ ಮಾತು ಮುಗಿದ ಮೇಲೆ ನೀವು ಕೇಳುವುದು ಇದನ್ನೇ. ಕೆಟ್ಟ ಗಾಡಿಯ ಕಂತು ಕಟ್ಟಲು ಕರೆಯುವ ಹಸುವನ್ನೇ ಮಾರಿದ ಮನೆಗಳನ್ನೂ ನೋಡಿರುವುದರಿಂದ ಈ ಸಲ ಕೆಚ್ಚಲು ಬಾವಿನ ಬದಲು ಗಾಡಿಯ ಬಗ್ಗೆಯೇ ಬರೆಯುತ್ತಿದ್ದೇನೆ.

ಹಸು ಕೊಳ್ಳುವಾಗ ನೀವು ಮಾರುವವರ ಮಾತು ನಂಬುವುದಿಲ್ಲ. ಹಲ್ಲು ನೋಡುತ್ತೀರಿ, ಎರಡು ಹೊತ್ತು ನೀವೇ ಕೂತು ಕರೆದು ನೋಡುತ್ತೀರಿ. ಗಾಡಿಗೂ ಅಷ್ಟೇ ಅನುಮಾನ ಇರಲಿ.

ಮೊದಲ ಪ್ರಶ್ನೆ, ಈ ಗಾಡಿ ಇಷ್ಟು ದಿನ ಏನು ಹೊತ್ತಿತ್ತು? ಹೂವು, ತರಕಾರಿ ಹೊತ್ತ ಗಾಡಿ ಬೇರೆ, ಜಲ್ಲಿ, ಮರಳು, ಇಟ್ಟಿಗೆ ಹೊತ್ತ ಗಾಡಿ ಬೇರೆ. ಮಾರುವವರು ಹೇಳದಿದ್ದರೂ ಗಾಡಿ ಹೇಳುತ್ತದೆ. ತೊಟ್ಟಿಯ ಪಕ್ಕದ ತಗಡು ಹೊರಕ್ಕೆ ಉಬ್ಬಿದ್ದರೆ, ಹಿಂದಿನ ಸ್ಪ್ರಿಂಗ್ ಪ್ಲೇಟ್‌ಗಳು ಚಪ್ಪಟೆಯಾಗಿ ಕೂತಿದ್ದರೆ ಅಥವಾ ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಪ್ಲೇಟ್ ಸೇರಿಸಿದ್ದರೆ, ಅತಿಭಾರ ಹೊತ್ತ ಗಾಡಿ ಎಂದೇ ತಿಳಿಯಿರಿ. ದನ, ಕೋಳಿ, ಮೀನು, ಗೊಬ್ಬರ ಸಾಗಿಸಿದ್ದರೆ ಇನ್ನೊಂದು ತೊಂದರೆ. ಗಂಜಲ, ಉಪ್ಪು, ಯೂರಿಯಾ ಇವೆಲ್ಲ ಕಬ್ಬಿಣವನ್ನು ತಿನ್ನುತ್ತವೆ. ಮೇಲೆ ಹೊಸ ಬಣ್ಣ ಹೊಳೆಯುತ್ತಿರುತ್ತದೆ, ಕೆಳಗೆ ತುಕ್ಕು.

ಆದ್ದರಿಂದ ಬಗ್ಗಿ ಅಡಿಯಲ್ಲಿ ನೋಡಲೇಬೇಕು. ಒಂದು ಗೋಣಿಚೀಲ ಹಾಸಿ, ಮೊಬೈಲ್ ಟಾರ್ಚ್ ಹಿಡಿದು ಮಲಗಿ. ಉದ್ದಕ್ಕೆ ಹೋಗುವ ಎರಡು ಕಬ್ಬಿಣದ ತೊಲೆಗಳೇ ಚಾಸಿ, ಗಾಡಿಯ ಬೆನ್ನುಮೂಳೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತಿಂದ ಕಡೆ ಮಂಕು ಸದ್ದು ಬಂದು ಪದರ ಉದುರುತ್ತದೆ. ಸ್ಪ್ರಿಂಗ್ ಪ್ಲೇಟ್ ಚಾಸಿಗೆ ಕೂಡುವ ಜಾಗದಲ್ಲಿ ಬಿರುಕು ಅಥವಾ ತೇಪೆ ಬೆಸುಗೆ ಕಂಡರೆ ಬೆಲೆ ಎಷ್ಟೇ ಇಳಿಸಲಿ, ನಾನಾದರೆ ಆ ಗಾಡಿ ಬಿಡುತ್ತೇನೆ. ಎಂಜಿನ್ ಬಿಚ್ಚಿ ಸರಿಮಾಡಿಸಬಹುದು, ಕೊಳೆತ ಚಾಸಿಗೆ ಮದ್ದಿಲ್ಲ.

ಎಂಜಿನ್ ನೋಡುವುದು ಬೆಳಗ್ಗೆ, ತಣ್ಣಗಿರುವಾಗ. ನೀವು ಹೋಗುವ ಹೊತ್ತಿಗೆ ಬಾನೆಟ್ ಬಿಸಿಯಾಗಿದ್ದರೆ ಸ್ಟಾರ್ಟ್ ಆಗದ ತೊಂದರೆ ಮುಚ್ಚಿಡಲು ಮೊದಲೇ ಓಡಿಸಿಟ್ಟಿರಬಹುದು, ಇನ್ನೊಂದು ದಿನ ಹೇಳದೆ ಹೋಗಿ. ಎಂಜಿನ್ ತಣ್ಣಗಿದ್ದರೆ ರೇಡಿಯೇಟರ್ ಮುಚ್ಚಳ ತೆಗೆಸಿ. ನೀರಿನ ಮೇಲೆ ಸಾರಿನ ಮೇಲಿನ ಎಣ್ಣೆಯಂತೆ ಜಿಡ್ಡು ತೇಲಬಾರದು. ಬಿಸಿಯಿದ್ದಾಗ ಮಾತ್ರ ಈ ಮುಚ್ಚಳ ಮುಟ್ಟಲೇಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲು ಬೆರೆತ ಕಾಫಿ ಬಣ್ಣದ ಲೋಳೆ ಇದ್ದರೆ ಆಯಿಲ್‌ಗೆ ನೀರು ಸೇರುತ್ತಿರಬಹುದು. ಸ್ಟಾರ್ಟ್ ಮಾಡಿದ ಮೇಲೆ ನೀಲಿ ಹೊಗೆ ಬರುತ್ತಲೇ ಇದ್ದರೆ ಆಯಿಲ್ ಸುಡುತ್ತಿದೆ, ಎಂಜಿನ್ ಕೆಲಸ ದೂರವಿಲ್ಲ. ಕಪ್ಪು ಹೊಗೆ ಡೀಸೆಲ್ ಸರಿಯಾಗಿ ಉರಿಯದ ಲಕ್ಷಣ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿರುವ ಸಾಧ್ಯತೆ ಇದೆ.

ಖಾಲಿ ಗಾಡಿ ಓಡಿಸಿ ನೋಡುವುದು ಕೆಚ್ಚಲು ಮುಟ್ಟದೆ ಹಸು ಕೊಂಡಂತೆ. ಹತ್ತಿಪ್ಪತ್ತು ಮೂಟೆ ಹೇರಿಸಿ, ನಿಮ್ಮ ಊರಿನಂಥ ಏರಿನಲ್ಲಿ ಹತ್ತಿಸಿ. ಎಂಜಿನ್ ಕೂಗು ಏರಿದರೂ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಬ್ರೇಕ್ ಹಾಕಿದಾಗ ಒಂದು ಬದಿಗೆ ಎಳೆಯಬಾರದು. ಟೈರ್ ಪಕ್ಕದ ನಾಲ್ಕಂಕಿಯನ್ನೂ ಓದಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಿಮ್ಮ ಪರಿಚಯದ ಮೆಕ್ಯಾನಿಕ್‌ಗೆ ಅರ್ಧ ದಿನದ ಕೂಲಿ ಕೊಟ್ಟು ಕರೆದೊಯ್ಯಿರಿ. ಮಾರುವವರು ಕರೆತಂದ ಮೆಕ್ಯಾನಿಕ್ ಬೇಡ.

ಇನ್ನು ಕಾಗದಪತ್ರ. ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲಿನದಕ್ಕೆ ಅಂಕಿ ಅಂಕಿಗೂ ಹೊಂದಬೇಕು. ಆರ್‌ಸಿಯಲ್ಲಿ ಫೈನಾನ್ಸ್ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಹಿಂದಿನವರ ಬಾಕಿಗೆ ನಿಮ್ಮ ಮನೆ ಮುಂದಿನ ಗಾಡಿಯನ್ನು ಎಳೆದೊಯ್ದಾರು. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಟ್ಟು ತೂಕ 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕಿಲ್ಲ. ಆರ್‌ಸಿಯಲ್ಲಿನ ಒಟ್ಟು ತೂಕದಿಂದ ಖಾಲಿ ತೂಕ ಕಳೆದರೆ ಎಷ್ಟು ಹೇರಬಹುದು ಎಂಬುದು ತಿಳಿಯುತ್ತದೆ. 40 ಲೀಟರ್ ಹಾಲೇ ಸುಮಾರು 41 ಕೆ.ಜಿ. ತೂಗುತ್ತದೆ, ಕ್ಯಾನಿನ ತೂಕ ಬೇರೆ.

ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿ ಇಟ್ಟರೆ ಗಾಡಿ ನಿಮ್ಮದಾಗದು, ಆರ್‌ಟಿಒ ಕಚೇರಿಗೆ ಕೊಡಬೇಕು. ವಿಮೆ ವರ್ಗಾವಣೆಗೂ 14 ದಿನದೊಳಗೆ ಅರ್ಜಿ ಹಾಕಿ, ಇಲ್ಲದಿದ್ದರೆ ಗಾಡಿ ಜಖಂ ಆದಾಗ ಪರಿಹಾರಕ್ಕೆ ತಕರಾರು ಬರುತ್ತದೆ. ಇಲ್ಲಿ ಒಂದು ಮಾತು ನೇರವಾಗಿ ಹೇಳುತ್ತೇನೆ. ಸಾಲ ನಿಮ್ಮ ಹೆಸರಲ್ಲಿ, ಕಂತು ನಿಮ್ಮ ಹಾಲಿನ ದುಡ್ಡಲ್ಲಿ, ಆರ್‌ಸಿ ಮಾತ್ರ ಮೈದುನನ ಹೆಸರಲ್ಲಿ ಎಂಬುದು ಬೇಡ. ಮನೆಯಲ್ಲಿ ಮನಸ್ತಾಪ ಬಂದ ದಿನ ಗಾಡಿ ಅವರದು, ಸಾಲ ನಿಮ್ಮದು. "ನಿನಗೆ ಓಡಿಸಲು ಬರುವುದಿಲ್ಲವಲ್ಲ" ಎನ್ನುವವರಿಗೆ ಉತ್ತರವೂ ಇದೆ. ಮಾಲೀಕರಾಗಲು ಲೈಸೆನ್ಸ್ ಬೇಕಿಲ್ಲ. ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಗೂಡ್ಸ್ ಗಾಡಿಯನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಹಸುಗಳನ್ನು ಸಾಗಿಸುವುದಾದರೆ ನಿಯಮದಂತೆ ಒಂದಕ್ಕೆ 2 ಚದರ ಮೀಟರ್ ಜಾಗ ಬೇಕು. ಎಂಟೂವರೆ ಅಡಿ ಉದ್ದ, ಐದೂವರೆ ಅಡಿ ಅಗಲದ ತೊಟ್ಟಿಯಲ್ಲಿ ಎರಡೇ ಹಸು. ಬರಿಯ ತಗಡಿನ ಮೇಲೆ ಗಂಜಲ ಬಿದ್ದರೆ ಕಾಲು ಜಾರಿ ತೊಡೆ ಸೀಳಿಕೊಳ್ಳುತ್ತವೆ, ಮತ್ತೆ ಏಳುವುದೇ ಕಷ್ಟ. ಮರಳು ಹರಡಿ ಮೇಲೆ ಹುಲ್ಲು ಹಾಸಿ.

ಗಾಡಿ ಮನೆಗೆ ಬಂದ ದಿನವೇ ತೊಟ್ಟಿ ಮತ್ತು ಚಕ್ರಗಳಿಗೆ ಅಂಟಿದ ಸಗಣಿ, ಮಣ್ಣು ಉಜ್ಜಿ ತೊಳೆಸಿ, 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಸಿಂಪಡಿಸಿ. ಬೇರೆ ಊರಿನ ದನ ಹೊತ್ತ ಗಾಡಿಯಲ್ಲಿ ಕಾಲುಬಾಯಿ ಜ್ವರದ ವೈರಾಣು ಕೊಟ್ಟಿಗೆಗೆ ಬರಬಹುದು. ಹತ್ತು ನಿಮಿಷ ಬಿಟ್ಟು ಚೆನ್ನಾಗಿ ನೀರು ಹೊಯ್ದು, ಒಣಗಿದ ಮೇಲೆಯೇ ಕ್ಯಾನು ಹೇರಿ. ಸೋಡಾ ನೀರು ಅಲ್ಯೂಮಿನಿಯಂ ಕ್ಯಾನಿಗೆ ತಾಗಬಾರದು, ತಾಗಿದರೆ ಲೋಹ ಸವೆಯುತ್ತದೆ.