ಫಾಕ್ಸ್‌ಪ್ರೋ ಒಳಗೆ ಬ್ರೌಸರ್ ಕೂರಿಸಿದರೆ

ಇಳಕಲ್ಲಿನ ಸೀರೆ ಅಂಗಡಿಯೊಂದರ ಹುಡುಗ ಈಗಷ್ಟೇ ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾನೆ. ಅವನದೊಂದು ಪ್ರಶ್ನೆ. ಅಪ್ಪನ ಕಾಲದ ಬಿಲ್ಲಿನ ಪ್ರೋಗ್ರಾಂ ವಿಷುವಲ್ ಫಾಕ್ಸ್‌ಪ್ರೋದಲ್ಲಿದೆ. ಅದರಲ್ಲಿ ಗಿರಾಕಿಯ ಊರು ಬಾದಾಮಿ, ಹುನಗುಂದ ಎಂದು ಕನ್ನಡದಲ್ಲಿ ಹಾಕಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಒಳಗೊಂದು ಬ್ರೌಸರ್ ಕೂರಿಸಿದರೆ ಕನ್ನಡ ಕಾಣಿಸೀತೇ?

ಕಾಣಿಸುತ್ತದೆ. ಫಾಕ್ಸ್‌ಪ್ರೋಗೆ ಯೂನಿಕೋಡ್ ಗೊತ್ತಿಲ್ಲ. ಅದರ ಕೊನೆಯ ಆವೃತ್ತಿ ಬಂದದ್ದು 2004ರಲ್ಲಿ, ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2015ರ ಜನವರಿಯಲ್ಲಿ. ಆದರೆ ವಿಂಡೋಸ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಎಂಜಿನ್ನನ್ನು ಬಿಡಿಯಾಗಿ ತೆಗೆದು ಬೇರೆ ಪ್ರೋಗ್ರಾಮಿನ ಫಾರ್ಮಿನ ಮೇಲಿಡುವ ಅನುಕೂಲ 1996ರಿಂದಲೂ ಇದೆ. ಅಂದರೆ ಇಳಕಲ್ ಇರುವ ಬಾಗಲಕೋಟೆ ಜಿಲ್ಲೆಗಿಂತ ಅದು ಒಂದು ವರ್ಷ ಹಿರಿಯದು! ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಕುಣಿಕೆಗೆ ಇನ್ನೊಂದರ ಕುಣಿಕೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಇಲ್ಲಿಯೂ ಎರಡು ಬೇರೆ ಜಾತಿಯ ನೂಲು, ನಡುವೆ ಕೊಂಡಿ.

ಸೋಜಿಗವೆಂದರೆ, ಕನ್ನಡವನ್ನು ಓದಲಾರದ ಫಾಕ್ಸ್‌ಪ್ರೋ ಅದನ್ನು ಹೊತ್ತು ಸಾಗಿಸಬಲ್ಲದು. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ‘ಬಾದಾಮಿ’ಯಲ್ಲಿ ಬ, ದ, ಮ ಮತ್ತು ಮೂರು ಸ್ವರಚಿಹ್ನೆಗಳು ಸೇರಿ ಆರು ಸಂಕೇತ, 18 ಬೈಟ್. ‘ಹುನಗುಂದ’ಕ್ಕೆ 21. ಫಾಕ್ಸ್‌ಪ್ರೋಗೆ ಅವು ಬರೀ ಬೈಟುಗಳು. ಎಚ್‌ಟಿಎಂಎಲ್ ಕಡತಕ್ಕೆ ಅವನ್ನು ಹಾಗೇ ಬರೆದು, ಪುಟದ ತಲೆಯಲ್ಲಿ ಯುಟಿಎಫ್-8 ಎಂದು ನಮೂದಿಸಿ, ಆ ಕಡತವನ್ನು ಬ್ರೌಸರಿಗೆ ತೋರಿಸಿದರೆ ಸಾಕು. ಒತ್ತಕ್ಷರ, ಅರ್ಕಾವೊತ್ತು ಸ್ವಸ್ಥಾನದಲ್ಲಿ ಕೂರುತ್ತವೆ. ಇಂಟರ್ನೆಟ್ ಸಂಪರ್ಕವೂ ಬೇಕಿಲ್ಲ. ಊರಿನ ಹೆಸರಿಗೆಂದು 15 ಅಕ್ಷರದ, ಅಂದರೆ 15 ಬೈಟಿನ, ಜಾಗ ಇಟ್ಟವರ ಪಾಡು ಮಾತ್ರ ಕಷ್ಟ: ಬಾದಾಮಿ ಕೊನೆಯ ಸ್ವರಚಿಹ್ನೆ ಕಳೆದುಕೊಂಡು ‘ಬಾದಾಮ’ ಆಗುತ್ತದೆ.

ಇನ್ನು ಹೊಸಬರನ್ನು ಕಾಡುವ ಭೂತ. ಅದೇ ಕಂಪ್ಯೂಟರಿನ ಕ್ರೋಮ್‌ನಲ್ಲಿ ಚೆಂದ ಕಾಣುವ ಪುಟ ಇಲ್ಲಿ ಚೆಲ್ಲಾಪಿಲ್ಲಿಯಾಗಿ, ‘ಸ್ಕ್ರಿಪ್ಟ್ ಎರರ್’ ಪೆಟ್ಟಿಗೆ ಮೇಲಿಂದ ಮೇಲೆ ಹಾರುತ್ತದೆ. ಕೂಡಲೇ ವೈರಸ್ ಅನ್ನುವವರುಂಟು, ದೃಷ್ಟಿಯಾಗಿದೆ ಎಂದು ಮಾನಿಟರಿಗೆ ನಿಂಬೆಹಣ್ಣು ಕಟ್ಟುವವರೂ ಉಂಟು. ಆಯುಧಪೂಜೆಗೆ ಕುಂಕುಮ ಹಚ್ಚುವುದು ಸಂಭ್ರಮ, ಇರಲಿ. ನಿಂಬೆಹಣ್ಣು ರಿಜಿಸ್ಟ್ರಿ ತಿದ್ದುವುದಿಲ್ಲ. ಹಳೆಯ ಪ್ರೋಗ್ರಾಂಗಳು ಕೆಡಬಾರದೆಂದು ಮೈಕ್ರೋಸಾಫ್ಟ್ ಈ ಒಳಬ್ರೌಸರ್ ತಾನು 2006ರ ಎಕ್ಸ್‌ಪ್ಲೋರರ್ 7 ಎಂಬಂತೆ ನಡೆದುಕೊಳ್ಳುವ ಹಾಗೆ ಮಾಡಿಟ್ಟಿದೆ. ವಿಂಡೋಸ್‌ನ ಸೆಟ್ಟಿಂಗ್‌ಗಳ ಕಣಜವಾದ ರಿಜಿಸ್ಟ್ರಿಯ ‘ಫೀಚರ್_ಬ್ರೌಸರ್_ಎಮ್ಯುಲೇಷನ್’ ಎಂಬಲ್ಲಿ ಪ್ರೋಗ್ರಾಮಿನ ಹೆಸರಿಗೆ 11001 ಎಂದು ಕೊಟ್ಟರೆ ಅದು 11ನೇ ಆವೃತ್ತಿಯಾಗಿ ಎಚ್ಚರಗೊಳ್ಳುತ್ತದೆ.

ಯಾವ ಹೆಸರು? ಇಲ್ಲೇ ಹೊಸಬರು ಮುಗ್ಗರಿಸುವುದು. ಬರೆಯುತ್ತಾ ಪರೀಕ್ಷಿಸುವಾಗ ಓಡುತ್ತಿರುವುದು ‘ವಿಎಫ್‌ಪಿ9.ಇಎಕ್ಸ್‌ಇ’, ಅಂಗಡಿಯಲ್ಲಿ ಓಡುವುದು ಕಟ್ಟಿ ಮುಗಿಸಿದ ಬಿಲ್ಲಿನ ಪ್ರೋಗ್ರಾಮಿನ ಇಎಕ್ಸ್‌ಇ ಕಡತ. ಎರಡನ್ನೂ ನಮೂದಿಸಬೇಕು.

11 ಕೂಡ ಹಳತೇ. ಎಕ್ಸ್‌ಪ್ಲೋರರ್ 2022ರಲ್ಲಿ ನಿವೃತ್ತಿಯಾಯಿತು, ಎಂಜಿನ್ ಮಾತ್ರ ವಿಂಡೋಸ್‌ನಲ್ಲಿ ಉಳಿದಿದೆ. ಸ್ವಂತ ಬಿಲ್ಲು, ಪಟ್ಟಿ ತೋರಿಸಲು ಅಷ್ಟು ಧಾರಾಳ ಸಾಕು. ಇಂದಿನ ಜಾಲತಾಣಗಳೇ ಬೇಕೆಂದರೆ 2020ರಲ್ಲಿ ಬಂದ ವೆಬ್‌ವ್ಯೂ2 ಇದೆ, ಆದರೆ ಅದು ಫಾಕ್ಸ್‌ಪ್ರೋಗೆ ನೇರವಾಗಿ ಕೂರದು, ನಡುವೆ ಡಾಟ್‌ನೆಟ್ ಸೇತುವೆ ಬೇಕು. ಕಲಿಯುವವರು ಮೊದಲು ಹಳೆಯದರಲ್ಲೇ ಕೈ ಪಳಗಿಸಿಕೊಳ್ಳಲಿ. ರಿಜಿಸ್ಟ್ರಿ ಮುಟ್ಟುವ ಮುನ್ನ ಅದರ ನಕಲೊಂದನ್ನು ತೆಗೆದಿಡಿ.